ಸೀಟಿಗೆ ಹಾಕಿದ ಚೀಲ

ಸಾರವಾಡದ ಗೀತಾಂಜಲಿಗೆ ಅಂಜಿಕೆ ಎರಡು. ಒಂದು ಬಸ್ಸಿನ ಬಾಗಿಲು, ಇನ್ನೊಂದು ಕಬ್ಬಿನ ಟ್ರ್ಯಾಕ್ಟರು. ದಿನಾ ಬೆಳಿಗ್ಗೆ ವಿಜಯಪುರಕ್ಕೆ ಕೆಲಸಕ್ಕೆ ಹೋಗುವಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದೂವರೆ ವರ್ಷದಿಂದ ಆಕೆ ತಪ್ಪದೆ ಬಸ್ಸಿನ ಬಾಗಿಲನ್ನೇ ಆರಿಸಿಕೊಂಡು ಬಂದಿದ್ದಳು.

ಸೊಲ್ಲಾಪುರ ರಸ್ತೆಯ ಒಂದು ಸಣ್ಣ ಡಯಾಲಿಸಿಸ್ ಕೇಂದ್ರದಲ್ಲಿ ಆಕೆ ಸಹಾಯಕಿ. ಮೊದಲ ಪಾಳಿಯ ರೋಗಿಗಳು ಎಂಟಕ್ಕೆ ಬರುತ್ತಾರೆ. ಅಷ್ಟರೊಳಗೆ ನೀರಿನ ಕೋಣೆಯ ಬೀಗ ತೆಗೆದು ನೀರು ಸೋಸುವ ಯಂತ್ರ ಚಾಲೂ ಮಾಡಿರಬೇಕು. ಆ ನೀರಿಲ್ಲದಿದ್ದರೆ ರಕ್ತ ಶುದ್ಧ ಮಾಡುವ ಯಂತ್ರಗಳು ಇದ್ದೂ ಇಲ್ಲದ ಹಾಗೆ. ಬೀಗದ ಕೈ ಎರಡೇ. ಒಂದು ಟೆಕ್ನಿಶಿಯನ್ ಸಾದಿಕನ ಹತ್ತಿರ, ಇನ್ನೊಂದು ಈಕೆಯ ಹತ್ತಿರ.

ಬಸ್ಸು ಬಬಲೇಶ್ವರದಿಂದಲೇ ತುಂಬಿಕೊಂಡು ಬರುತ್ತದೆ. ಸಾರವಾಡದಲ್ಲಿ ನಿಂತಾಗ ಬಾಗಿಲಲ್ಲಿ ನಾಲ್ಕು ಜನ ಜೋತಾಡುತ್ತಿರುತ್ತಾರೆ. ಹೋದ ಶ್ರಾವಣದಲ್ಲಿ ಗೀತಾಂಜಲಿಯ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇರುವಾಗಲೇ ಬಸ್ಸು ಬಿಟ್ಟಿತ್ತು. ಯಾರೋ ರಟ್ಟೆ ಹಿಡಿದು ಎಳೆದುಕೊಂಡರು. ಅವತ್ತು ಇಡೀ ದಿನ ಅವಳಿಗೆ ಊಟ ಸೇರಲಿಲ್ಲ.

ಅಂಗಳದಲ್ಲಿ ಒಂದು ಸ್ಕೂಟಿ ಗೋಣಿಚೀಲ ಹೊದ್ದು ನಿಂತಿತ್ತು. ತಮ್ಮ ಮಾಳು ಬೈಕು ತೆಗೆದುಕೊಂಡಾಗ ಅಕ್ಕನಿಗೆ ಬಿಟ್ಟುಹೋದದ್ದು. ಹೊಡೆಯಲು ಕಲಿತಿದ್ದಳು, ಲೈಸೆನ್ಸೂ ಇತ್ತು. ಹಿಟ್ಟಿನ ಗಿರಣಿಗೆ ಹೋಗುತ್ತಿದ್ದಳು, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು. ಆದರೆ ಡಾಂಬರು ರಸ್ತೆಗೆ ಅದರ ಗಾಲಿ ತಾಗಿಸಿರಲಿಲ್ಲ. ಕಾರಣ ಮನೆಯಲ್ಲೇ ಇತ್ತು. ಮೂರು ವರ್ಷದ ಹಿಂದೆ, ಕಬ್ಬಿನ ಹಂಗಾಮಿನಲ್ಲಿ, ಸಂಜೆ ಮಬ್ಬಿನಲ್ಲಿ ಅವಳ ಗಂಡ ಅಮೋಘಸಿದ್ದ ಬೈಕಿನ ಮೇಲೆ ಬರುತ್ತಿದ್ದ. ಹಿಂದೆ ದೀಪವಿಲ್ಲದ ಟ್ರೇಲರೊಂದು ರಸ್ತೆಯಲ್ಲೇ ಕೆಟ್ಟು ನಿಂತಿತ್ತು. ನೇರ ಹೋಗಿ ಅದಕ್ಕೆ ಗುದ್ದಿದ. ಎಡಗಾಲಿನಲ್ಲಿ ಈಗ ರಾಡು. ಕುರಿ ಕಾಯುತ್ತಾನೆ, ಕೋಲು ಊರಿಕೊಂಡು ನಡೆಯುತ್ತಾನೆ. ಆದರೆ ಅವತ್ತಿನಿಂದ ಎರಡು ಗಾಲಿಯ ಗಾಡಿಯನ್ನು ಮುಟ್ಟಿಲ್ಲ, ಯಾರ ಹಿಂದೆಯೂ ಕೂತಿಲ್ಲ.

ಆ ಸೋಮವಾರ ಸಾದಿಕ ಊರಲ್ಲಿರಲಿಲ್ಲ. ತಂಗಿಯ ಮದುವೆಗೆ ಹೋಗಿದ್ದ. ಹೋಗುವ ಮುನ್ನ ಹತ್ತು ಸಲ ಹೇಳಿದ್ದ: "ಅಕ್ಕಾ, ಕೀಲಿ ನಿಮ್ಮ ಕಡೀನ ಐತಿ. ಮೊದಲ ಪಾಳಿಗಿ ಬರೋ ಕನಮಡಿ ಊರಿನ ಪೀರಸಾಬ ಕಾಕಾಗ ಹೋದ ಸಲಾನ ಉಸಿರು ಹತ್ತಿತ್ತು. ತಡಾ ಮಾಡಬ್ಯಾಡ್ರಿ."

ತಡ ಮಾಡುವ ಹೆಂಗಸಲ್ಲ ಆಕೆ. ಬಸ್ಸು ಬರುವ ಹತ್ತು ನಿಮಿಷ ಮೊದಲೇ ನಿಲ್ದಾಣದಲ್ಲಿದ್ದಳು. ನಮ್ಮ ಕಡೆ ಬಸ್ಸು ನಿಲ್ಲುವುದರೊಳಗೆ ಕಿಟಕಿಯಿಂದ ಟವೆಲ್ಲೋ ಕರ್ಚೀಫೋ ಒಳಗೆ ಹಾಕಿಬಿಟ್ಟರೆ ಸೀಟು ನಮ್ಮದಾಯಿತು. ಆಮೇಲೆ ಯಾರೇ ಹತ್ತಲಿ, ಅದರ ಮೇಲೆ ಕೂರುವಂತಿಲ್ಲ. ಸರಕಾರದ ಕಾನೂನು ಮುರಿಯುವವರೂ ಈ ಕಾನೂನು ಮುರಿಯುವುದಿಲ್ಲ. ಅವತ್ತು ಗಡಿಬಿಡಿಯಲ್ಲಿ ಗೀತಾಂಜಲಿ ಕರ್ಚೀಫು ಮರೆತು ಬಂದಿದ್ದಳು. ಇಳಿಯಲು ಯಾರೋ ಎದ್ದ ಒಂದು ಸೀಟು ಖಾಲಿ ಕಂಡಿತು. ಹಿಂದೆ ಮುಂದೆ ನೋಡದೆ ಹೆಗಲ ಚೀಲವನ್ನೇ ಕಿಟಕಿಯಿಂದ ಒಳಗೆ ತೂರಿಸಿದಳು.

ಹಾಕಿ ಬಾಗಿಲಿಗೆ ಓಡಿದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಮೆಟ್ಟಿಲ ಮೇಲಿನ ಕಾಲುಗಳನ್ನು ನೋಡಿದಳು. ಶ್ರಾವಣದ ನೆನಪು ಎದೆಗೆ ಬಂದು ಕೂತಿತು, ಕೈ ಹಿಂದೆ ಸರಿಯಿತು. ಆ ಒಂದು ಗಳಿಗೆ ಸಾಕಾಯಿತು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು.

"ನನ್ನ ಚೀಲ! ಏ, ನಿಂದರ್ಸ್ರಿ!" ಎಂದು ಕೂಗಿಕೊಂಡು ಓಡಿದಳು. ಕೇಳಿಸಿಕೊಳ್ಳುವವರು ಯಾರು? ಬೀಗದ ಕೈ ಚೀಲದಲ್ಲಿ, ಫೋನೂ ಚೀಲದಲ್ಲಿ. ಕೇಂದ್ರದ ನಂಬರೆಲ್ಲ ಆ ಫೋನಿನಲ್ಲೇ. ಬಾಯಿಪಾಠ ಇದ್ದದ್ದು ಗಂಡನ ನಂಬರೊಂದೇ, ಆತ ಹೊಲದಲ್ಲಿ ಕುರಿ ಹಿಂದೆ. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ. ಪೀರಸಾಬ ಕಾಕಾನ ಊದಿದ ಮುಖ ಕಣ್ಣಿಗೆ ಕಟ್ಟಿತು. ಗೀತಾಂಜಲಿ ಮನೆಗೆ ಓಡಿದಳು, ಸ್ಕೂಟಿಯ ಮೇಲಿನ ಗೋಣಿಚೀಲ ಕಿತ್ತೆಸೆದಳು.

ಅತ್ತೆ ಬೋರವ್ವ ರೊಟ್ಟಿ ಬಡಿಯುವುದು ಬಿಟ್ಟು ಹೊರಗೆ ಬಂದಳು. "ಎಲ್ಲಿಗಿ ಬೇ?"

"ಬಿಜಾಪುರಕ್ಕ."

"ಇದರ ಮ್ಯಾಲ? ಹುಚ್ಚ ಹಿಡದೈತೇನ ನಿನಗ? ನನ್ನ ಮಗಾ ಬಿದ್ದಿದ್ದ ಸಾಲದಾ?"

ಗೀತಾಂಜಲಿ ಗಾಡಿ ಚಾಲೂ ಮಾಡಿದಳು. ಹೊರಟೇಬಿಟ್ಟಳು.

ಡಾಂಬರು ರಸ್ತೆ ಹತ್ತಿದ ಮೇಲೆ ತಿಳಿಯಿತು, ಊರೊಳಗೆ ಗಾಡಿ ಹೊಡೆಯುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂದು. ಲಾರಿಗಳು ಮೈಮೇಲೆ ಬಂದಂತೆ ಬಂದು, ಗಾಳಿಗೆ ಗಾಡಿಯನ್ನೇ ಅಲುಗಿಸಿ ಹೋಗುತ್ತಿದ್ದವು. ಅಂಗೈ ಬೆವರಿಗೆ ಹ್ಯಾಂಡಲ್ಲು ಜಾರುತ್ತಿತ್ತು. ಅಲ್ಲಲ್ಲಿ ನಿಲ್ಲುತ್ತ ಹೋಗುವ ಬಸ್ಸು ದೂರದಲ್ಲಿ ಚಿಕ್ಕದಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಬದಿಯ ದಾರಿಯಿಂದ ಕಬ್ಬಿನ ಟ್ರ್ಯಾಕ್ಟರು ಬಂದು ಅವಳ ಮುಂದೆ ರಸ್ತೆಗೆ ಹತ್ತಿತು.

ಹಿಂದೆ ಎರಡು ಟ್ರೇಲರು. ಹೇರಿದ ಕಬ್ಬು ಎರಡೂ ಕಡೆ ಮೊಳದುದ್ದ ಚಾಚಿಕೊಂಡಿತ್ತು. ಮುಂದಿನದು ಎಡಕ್ಕೆ ವಾಲಿದರೆ ಹಿಂದಿನದು ಬಲಕ್ಕೆ ವಾಲುತ್ತಿತ್ತು. ಗೀತಾಂಜಲಿ ಬ್ರೇಕು ಅದುಮಿದಳು. ಆಸ್ಪತ್ರೆಯಲ್ಲಿ ನೋಡಿದ ಗಂಡನ ಕಾಲು, ಹೊರಗೆ ಬಂದಿದ್ದ ಬಿಳಿ ಎಲುಬು, ಎಲ್ಲ ಕಣ್ಣ ಮುಂದೆ ಬಂತು. ಎರಡು ಕಿಲೋಮೀಟರು ಅದರ ಹಿಂದೆಯೇ ತೆವಳಿದಳು. ಬಸ್ಸು ಕಣ್ಮರೆಯಾಯಿತು. ತಿರುಗಿ ಹೋಗಿಬಿಡಲೇ ಎಂದು ಮನಸ್ಸು ಹತ್ತು ಸಲ ಕೇಳಿತು. ಕೊನೆಗೆ ಎದುರಿನ ರಸ್ತೆ ಖಾಲಿ ಕಂಡಾಗ, ಹಾರ್ನಿನ ಮೇಲಿಂದ ಹೆಬ್ಬೆರಳು ತೆಗೆಯದೆ, ಹಲ್ಲು ಕಚ್ಚಿ ದಾಟಿದಳು. ಕಬ್ಬಿನ ಒಂದು ಗರಿ ರಟ್ಟೆಗೆ ಗೀರಿತು. ದಾಟಿದ ಮೇಲೆ ತಾನು ಅಳುತ್ತಿದ್ದೇನೆಂದು ಗೊತ್ತಾಯಿತು.

ಮುಂದಿನ ಊರಿನ ಸ್ಟಾಪಿನಲ್ಲಿ ಜನ ಇಳಿಯುವ ಜಗಳದಲ್ಲಿ ಬಸ್ಸು ಇನ್ನೂ ನಿಂತಿತ್ತು. ಆಕೆ ಸ್ಕೂಟಿಯನ್ನು ನೇರ ಬಸ್ಸಿನ ಮೂತಿಗೇ ತಂದು ನಿಲ್ಲಿಸಿದಳು. ಡ್ರೈವರ್ ಬಾಯಿ ಮಾಡಿದ. ಆಕೆ ಅದನ್ನು ಕಿವಿಗೆ ಹಾಕಿಕೊಳ್ಳದೆ ಕಿಟಕಿಯ ಕಡೆ ಓಡಿದಳು.

ಕಾಲಿಡಲು ಜಾಗವಿಲ್ಲದ ಆ ಬಸ್ಸಿನಲ್ಲಿ ಆ ಸೀಟು ಮಾತ್ರ ಖಾಲಿ ಇತ್ತು. ಅದರ ಮೇಲೆ ಚೀಲ ಕೂತಿತ್ತು. ಪಕ್ಕದಲ್ಲಿದ್ದ ಮುದುಕಿ ಹೇಳಿದಳು: "ಬಾರ ಯವ್ವಾ, ಇಬ್ಬರ ಕೂಡ ಜಗಳಾಡಿ ಕಾದೀನಿ. ಬಂದ ಕುಂದರು."

"ಚೀಲ ಕೊಡ್ರಿ ಆಯಿ. ನಾ ಗಾಡಿ ಮ್ಯಾಲ ಬಂದೀನಿ."

"ಮತ್ತ ಸೀಟ ಯಾಕ ಹಿಡದಿದ್ದಿ?" ಎಂದು ಮುದುಕಿ ಸಿಟ್ಟಿನಿಂದಲೇ ಚೀಲ ಕೊಟ್ಟಳು.

ಎಂಟಕ್ಕೆ ಐದು ನಿಮಿಷವಿರುವಾಗ ನೀರಿನ ಕೋಣೆಯ ಬೀಗ ತೆರೆಯಿತು. ಪೀರಸಾಬ ಕಾಕಾ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಅರ್ಧ ತಾಸಿನಲ್ಲಿ ನರ್ಸು ಅವರ ಯಂತ್ರ ಚಾಲೂ ಮಾಡಿದಳು.

ನಿಜವಾದ ಅಂಜಿಕೆ ಶುರುವಾದದ್ದು ಮಧ್ಯಾಹ್ನದ ಮೇಲೆ. ಬರುವಾಗ ಬಂದದ್ದೇನೋ ಆಯಿತು, ಹೋಗುವುದು? ಡ್ಯೂಟಿ ಮುಗಿಯುವುದು ಐದೂವರೆಗೆ. ಮಬ್ಬುಗತ್ತಲು, ಕಬ್ಬಿನ ಹಂಗಾಮು, ಅದೇ ರಸ್ತೆ. ಗಾಡಿ ಇಲ್ಲೇ ಬಿಟ್ಟು ಬಸ್ಸಿಗೆ ಹೋಗುವುದೆಂದು ನಿಶ್ಚಯ ಮಾಡಿಕೊಂಡಳು. ಆಗ ಮನಸ್ಸು ತುಸು ಹಗುರಾಯಿತು.

ಐದು ಗಂಟೆಗೆ ಗಂಡನ ಫೋನು ಬಂತು. ಬೋರವ್ವ ಎಲ್ಲ ಹೇಳಿದ್ದಳು.

"ಗೀತಾ, ಗಾಡಿ ಅಲ್ಲೇ ಇರಲಿ. ನೀ ಬಸ್ಸಿಗಿ ಬಾ."

"ನಾನೂ ಹಂಗ ಅನ್ಕೊಂಡೀನ್ರಿ."

"ನಾಳಿ ಮುಂಜಾನೆ ನಾ ಹೋಗಿ ತರ್ತೀನಿ."

"ನೀವಾ?"

"ಮತ್ತ ಯಾರು? ತರ್ತೀನಿ ಬಿಡು." ಧ್ವನಿ ಗಟ್ಟಿಯಾಗಿಯೇ ಇತ್ತು. ಆದರೆ ಮಾತಿನ ನಡುವೆ ಅವನು ಉಗುಳು ನುಂಗಿದ್ದು ಅವಳಿಗೆ ಕೇಳಿಸಿತು.

ಫೋನಿಟ್ಟು ಗೀತಾಂಜಲಿ ನಾಳೆಯ ಮುಂಜಾನೆಯನ್ನು ನೆನೆದಳು. ರಾಡಿನ ಕಾಲು ಊರಿಕೊಂಡು ಅವನು ಆ ರಸ್ತೆಯಲ್ಲಿ, ಆ ಟ್ರೇಲರುಗಳ ನಡುವೆ. ಇಷ್ಟು ದಿನ ತನಗಾಗಿ ಅಂಜಿದ್ದಳು. ಇದು ಅದಕ್ಕಿಂತ ದೊಡ್ಡ ಅಂಜಿಕೆಯಾಗಿತ್ತು, ತಡೆದುಕೊಳ್ಳಲಾಗದಂಥದು. ಡ್ಯೂಟಿ ಮುಗಿಸಿ ಹೊರಗೆ ಬಂದು ಸ್ಕೂಟಿಯ ದೀಪ ಹಚ್ಚಿ ನೋಡಿದಳು.

ಇಪ್ಪತ್ತರ ವೇಗದಲ್ಲಿ ಬಂದಳು. ಎರಡು ಕಡೆ ಟ್ರೇಲರು ಕಂಡು ರಸ್ತೆ ಬಿಟ್ಟು ಇಳಿದು ನಿಂತಳು. ಅವುಗಳ ಸದ್ದು ಪೂರ್ತಿ ಅಡಗಿದ ಮೇಲೆಯೇ ಮತ್ತೆ ರಸ್ತೆ ಹತ್ತಿದಳು. ಸಾರವಾಡದ ಸ್ಟಾಪು ಬಂದಾಗ ಅಮೋಘಸಿದ್ದ ಕೋಲು ಹಿಡಿದು ನಿಂತಿದ್ದ.

"ಬಸ್ಸಿಗಿ ಬಾ ಅಂದಿದ್ನಲ್ಲ."

"ಗಾಡಿ ಬಿಟ್ಟ ಬಂದಿದ್ರ ನೀವು ತರಾಕ ಹೋಗ್ತಿದ್ರಿ."

"ಹೋಗ್ತಿದ್ನಿ."

"ಅದಕ್ಕ ತಂದೀನಿ."

ಅವನು ಒಮ್ಮೆ ರಸ್ತೆಯ ಕಡೆ ನೋಡಿದ. ಕೋಲನ್ನು ಅವಳ ಕಾಲ ಹತ್ತಿರ ಗಾಡಿಯಲ್ಲಿಟ್ಟ. ಆಮೇಲೆ ಅವಳ ಹೆಗಲ ಮೇಲೆ ಕೈಯಿಟ್ಟು, ಇನ್ನೊಂದು ಕೈಯಿಂದ ಎಡಗಾಲನ್ನು ಎತ್ತಿ ಆಚೆಗೆ ಹಾಕಿ, ಅವಳ ಹಿಂದೆ ಕೂತ.

"ಸಾವಕಾಶ ನಡಿ," ಎಂದ.

ಮನೆ ಅಲ್ಲಿಂದ ಎರಡು ಫರ್ಲಾಂಗು. ಇಬ್ಬರೂ ಅಂಜುತ್ತಲೇ ಹೋದರು.