ನಿಧಾನಿ ಡ್ರೈವರು ತಿರುವು ದಾಟಿದ್ದು

ಬಸ್ ಡಿಪೋದಲ್ಲಿ ಅವರಿಗೆ ನಿಧಾನಿ ಎಂದೇ ಹೆಸರು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಕಿವಿ ತೂತು ಮಾಡಲಿ, ಈ ಪುಣ್ಯಾತ್ಮ ಎಡಗನ್ನಡಿ, ಬಲಗನ್ನಡಿ, ತಲೆಯ ಮೇಲಿನ ಕನ್ನಡಿ ಮೂರನ್ನೂ ನೋಡದೆ ಬಸ್ಸನ್ನು ಒಂದು ಗೇಣೂ ಕದಲಿಸುತ್ತಿರಲಿಲ್ಲ. "ಆಮೆ ಹತ್ತಿದ್ರೆ ಇಷ್ಟೊತ್ತಿಗೆ ಮನೆ ಸೇರ್ತಿದ್ವಿ" ಎಂದು ಯಾರಾದರೂ ಗೊಣಗಿದರೆ, "ಇಳಿದು ಹತ್ಕೊಳ್ಳಿ, ಅದಕ್ಕೂ ಟಿಕೆಟ್ ತಗೊಳ್ಳೋದು ಮರೀಬೇಡಿ" ಅನ್ನುವರು. ಅರ್ಧ ಆಯುಷ್ಯ ಬಸ್ಸು ಓಡಿಸಿದರೂ ಒಂದು ಕೋಳಿಯ ಪುಕ್ಕವೂ ಕೊಂಕಿರಲಿಲ್ಲ.

ಇಂಥವರಿಗೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಿರುವಾಗಲೇ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಉಳಿಯಿತು, ಕಾಲು ಎಳೆದುಕೊಂಡಾದರೂ ನಡೆಯಿತು. ಎಡಗೈ ಮಾತ್ರ ಯಾರದೋ ಸಾಮಾನು ತಂದಿಟ್ಟ ಹಾಗೆ ತೊಡೆಯ ಮೇಲೆ ಬಿದ್ದುಕೊಂಡಿತು. "ಬೆರಳಿಗೆ ಕೆಲಸ ಕೊಡ್ತಾ ಇರಿ, ಬಿಟ್ರೆ ಹಾಗೇ ನಿಂತುಬಿಡುತ್ತೆ" ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ಎರಡೇ ದಿನದಲ್ಲಿ ಅದು ಮಂಚದ ಕೆಳಗೆ ಸೇರಿತು.

ಕಾಲೆಳೆಯುವುದನ್ನೂ ಅವರು ಸಹಿಸಿದರು. ಸಹಿಸಲಾಗದ್ದು ಅಂಗಿಯ ಗುಂಡಿ. ದಿನಾ ಬೆಳಗ್ಗೆ ಹೆಂಡತಿ ಎದುರಿಗೆ ನಿಂತು ಒಂದೊಂದೇ ಗುಂಡಿ ಹಾಕುವಾಗ ಅವರು ಗೋಡೆ ನೋಡುತ್ತಾ ನಿಲ್ಲುತ್ತಿದ್ದರು. ಹೆಂಡತಿ ದರ್ಜಿ, ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಮೆಷಿನ್ನು. ಒಂದು ದಿನ ಅವಳು, "ಗುಂಡಿ ಕಿತ್ತು ಅಂಟುಪಟ್ಟಿ ಹೊಲಿದುಬಿಡ್ತೀನಿ ರೀ, ಒಂದೇ ಕೈಲಿ ಹಾಕ್ಕೋಬಹುದು" ಅಂದಳು. ಒಳ್ಳೆಯದಕ್ಕೇ ಅಂದದ್ದು. ಆದರೆ ಅವರಿಗೆ ಕೇಳಿಸಿದ್ದೇ ಬೇರೆ. ಗುಂಡಿ ಕಿತ್ತರೆ ಕೈಯ ಆಸೆ ಬಿಟ್ಟಂತೆಯೇ ಅಲ್ಲವೇ? "ನಾನೇನು ಎಳೆ ಮಗುವಾ? ಒಂದು ಗುಂಡಿ ಮುಟ್ಟಿದ್ರೆ ನೋಡು!" ಎಂದು ಕೂಗಾಡಿದರು. ಅವಳು ಅಂಗಿಗಳನ್ನು ಮೆಷಿನ್ನಿನ ಪಕ್ಕ ಪೇರಿಸಿಟ್ಟಳು.

ಮಗಳಿಗೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಅಪ್ಪನ ಸಿಡುಕು ನೋಡಲಾರದೆ ಅವಳು ಅಂಗಡಿಯಿಂದ ಹಳೆಯದೊಂದು ಗೇಮ್ ಪೆಟ್ಟಿಗೆ ತಂದು ಟಿವಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಶತಮಾನಗಳ ಹಿಂದಿನ ಒಂದು ಮಹಾನಗರ. ಅದರಲ್ಲಿ ಕತ್ತಿ ಕಟ್ಟಿಕೊಂಡ ಒಬ್ಬ ವೀರ, ಸೂರಿನಿಂದ ಸೂರಿಗೆ ಹಾರಿ ಶತ್ರುಗಳನ್ನು ಸದೆಬಡಿಯಬೇಕು.

"ಅಪ್ಪಾ, ಇಲ್ನೋಡು. ಇದು ಕಂಟ್ರೋಲರು, ಎರಡೂ ಕೈಲಿ ಹಿಡೀಬೇಕು. ಎಡ ಹೆಬ್ಬೆರಳು ಅವನ ಕಾಲು, ಬಲ ಹೆಬ್ಬೆರಳು ಅವನ ಕಣ್ಣು. ಎಡಗಡೆ ಗುಂಡಿ ತಳ್ಳಿದ್ರೆ ನಡೀತಾನೆ, ಬಲಗಡೆದು ತಿರುಗಿಸಿದ್ರೆ ಸುತ್ತ ನೋಡ್ತಾನೆ."

"ಸರಿಹೋಯ್ತು. ಕುಂಟನಿಗೆ ಎಂಟು ಚೇಷ್ಟೆ" ಎಂದು ಹೆಂಡತಿ ನಕ್ಕಳು. ನಕ್ಕರೂ ಅವಳೇ ಬಂದು ಅವರ ಎಡ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಂಟ್ರೋಲರಿನ ಸುತ್ತ ಕೂರಿಸಿದಳು.

ಎಡ ಹೆಬ್ಬೆರಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಾಗಾಗಿ ವೀರನೂ ಒಂದು ಗಲ್ಲಿಯ ಕಾರಂಜಿಯ ಪಕ್ಕ ಗೂಟ ಹೊಡೆದಂತೆ ನಿಂತ. ಅಲ್ಲಾ ಸ್ವಾಮಿ, ಲೋಕದಲ್ಲಿ ಎಲ್ಲರೂ ಓಡಿ ಹಾರಿ ಕಡಿದಾಡುವ ಆಟದಲ್ಲಿ ನಮ್ಮ ನಿಧಾನಿಗಳು ಮಾಡಿದ್ದೇನು? ನಿಂತು ನೋಡಿದರು. ಬಲ ಹೆಬ್ಬೆರಳು ಇತ್ತಲ್ಲ.

ಮೇಲಿನ ಕಿಟಕಿಯಲ್ಲಿ ಒಬ್ಬಾಕೆ ಕಂಬಳಿ ಕೊಡವುತ್ತಿದ್ದಳು. ಮೋಡದ ನೆರಳು ಗೋಡೆಯಿಂದಿಳಿದು ನೆಲದ ಮೇಲೆ ಹರಿದುಹೋಯಿತು. ಗೋಡೆಯ ಮೇಲಿನ ಬೆಕ್ಕು ಎದ್ದು ಮೈಮುರಿದು ಮತ್ತೆ ಮಲಗಿತು. ಬಿಸಿಲು ಓರೆಯಾಯಿತು, ಸಂಜೆಯಾಯಿತು, ಯಾರೋ ಬಂದು ದೀಪ ಹಚ್ಚಿದರು.

"ಅಬ್ಬಬ್ಬಾ! ಲೇ, ನೋಡೇ ಇಲ್ಲಿ! ಮೂಲೆ ಕಲ್ಲು ಕೆಳಗಡೆ ಸವೆದಿದೆ. ಗಾಡಿ ತಿರುಗೋವಾಗ ಚಕ್ರ ಉಜ್ಜಿ ಉಜ್ಜಿ ಸವೆದಿರೋದು. ಯಾರೋ ಕೂತು ಇದನ್ನೂ ಯೋಚನೆ ಮಾಡಿದ್ದಾರಲ್ಲೇ! ಎಂಥಾ ಜನ ಇರಬೇಕು!" ಹೇಳುವಾಗ ಅವರ ಕಣ್ಣು ತುಂಬಿತು.

ದಿನಾ ಮಧ್ಯಾಹ್ನ ಅದೇ ಗಲ್ಲಿ, ಅದೇ ನಿಲುವು. ಆದರೆ ಆ ಮೂಲೆ ಕಲ್ಲಿನ ಆಚೆ ಗಲ್ಲಿ ತಿರುಗುತ್ತಿತ್ತು. ತಿರುವಿನಾಚೆಯಿಂದ ಗಂಟೆಯ ನಾದ, ಸಾವಿರ ಜನರ ಗುಜುಗುಜು. ಸೂರುಗಳ ಮೇಲೆ ಒಂದು ಗುಮ್ಮಟದ ಅಂಚು ಇಷ್ಟೇ ಇಷ್ಟು ಕಾಣುತ್ತಿತ್ತು. ಅದು ಅವರ ನಿದ್ದೆ ಕೆಡಿಸಿತು. ಮಗಳು, "ಕೊಡಪ್ಪ, ಒಂದು ನಿಮಿಷದಲ್ಲಿ ತೋರಿಸ್ತೀನಿ" ಅಂದಾಗ ಕಂಟ್ರೋಲರನ್ನು ಎದೆಗವಚಿಕೊಂಡರು. "ಬೇಡ. ನನ್ನ ಬಸ್ಸನ್ನ ಇನ್ನೊಬ್ರ ಕೈಗೆ ಕೊಟ್ಟಿದ್ದುಂಟಾ? ನಾನೇ ಹೋಗ್ತೀನಿ." ಮಂಚದ ಕೆಳಗಿನ ಚೆಂಡೂ ಈಚೆಗೆ ಬಂತು. ಬೆಳಗ್ಗೆ ಚೆಂಡು, ಮಧ್ಯಾಹ್ನ ಗಲ್ಲಿ.

ಒಂದು ದಿನ ಹೆಬ್ಬೆರಳು ಹಲ್ಲಿಯ ಬಾಲದಂತೆ ಮಿಡುಕಿತು. ಮಿಡುಕಿದ್ದೇ ತಡ, ವೀರ ಎಗರಿ ಧೊಪ್ಪನೆ ಕಾರಂಜಿಯೊಳಗೆ ಬಿದ್ದ. ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಒಳಗೆ ಹೋಗಿ ಮುಖ ತೊಳೆದು ಬಂದಳು. ಮುಂದಿನ ವಾರಗಳಲ್ಲಿ ವೀರ ಗೋಡೆಗೆ ಗುದ್ದಿದ, ಬುಟ್ಟಿ ಹೊತ್ತವಳಿಗೆ ಢಿಕ್ಕಿ ಹೊಡೆದ. ಹೊರಟ ಹೆಬ್ಬೆರಳು ನಿಲ್ಲುತ್ತಿರಲಿಲ್ಲ. ನಿಧಾನಿಗಳು ಟಿವಿಗೇ ಕೈಮುಗಿಯುವ ಧಾಟಿಯಲ್ಲಿ, "ತಪ್ಪಾಯ್ತು ತಾಯಿ, ಬ್ರೇಕ್ ಹಿಡೀಲಿಲ್ಲ" ಅನ್ನುವರು. ಬೆರಳು ಆಡಿದರೂ ಮುಷ್ಟಿ ಕೂಡುತ್ತಿರಲಿಲ್ಲ. ಅಂಗಿಯ ಗುಂಡಿ ಹಿಡಿಯಲು ಹೋದರೆ ಜಾರುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಹೆಂಡತಿ ಪೇರಿಸಿಟ್ಟ ಅಂಗಿಗಳಲ್ಲಿ ಮೇಲಿನದನ್ನು ಎತ್ತಿಕೊಂಡು ಕತ್ತರಿ ತೆಗೆದಳು. "ಸಾಕು ರೀ. ದಿನಾ ಬೆಳಗ್ಗೆ ನೀವು ಗೋಡೆ ನೋಡ್ತಾ ನಿಲ್ಲೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

ಅವರಿಗೆ ಕೂಗಾಡಲು ಮನಸ್ಸಾಗಲಿಲ್ಲ. "ಇವತ್ತೊಂದು ದಿನ ತಡಿ. ಇಲ್ಲಿ ಬಂದು ಕೂತ್ಕೋ" ಅಂದರು. ಅವಳು ಕತ್ತರಿ ಹಿಡಿದೇ ಪಕ್ಕದಲ್ಲಿ ಕೂತಳು.

ವೀರ ಹೊರಟ. ಕಾರಂಜಿ ದಾಟಿದ. ಕಂಬಳಿಯಾಕೆಯ ಕಿಟಕಿ ದಾಟಿದ. ಮೂಲೆ ಕಲ್ಲಿನ ಹತ್ತಿರ ಹೆಬ್ಬೆರಳು ತಾನಾಗಿಯೇ ಸಡಿಲವಾಯಿತು, ವೀರ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹಿಂದೆ ನೋಡಿದ. ಎತ್ತಿನ ಗಾಡಿಯೊಂದು ಬರುತ್ತಿತ್ತು. ದಾರಿ ಬಿಟ್ಟು ನಿಂತ.

"ಅಪ್ಪಾ, ಅದು ಸುಳ್ಳು ಗಾಡಿ, ಹೋಗು!" ಮಗಳು ಕುಣಿದಾಡಿದಳು.

"ಗಾಡಿ ಸುಳ್ಳಿರಬಹುದು ಕಣಮ್ಮ, ತಿರುವು ತಿರುವೇ."

ಗಾಡಿ ಹೋಯಿತು. ವೀರ ತಿರುವು ದಾಟಿದ.

ಏನೆಂದು ಹೇಳುವುದು! ನೋಡಲು ಎರಡು ಕಣ್ಣು ಸಾಲದು. ಸಮುದ್ರದಷ್ಟು ಅಗಲದ ಚೌಕ, ಅದರ ತುಂಬ ಜನ. ಆಚೆ ಗುಮ್ಮಟ ಎದ್ದಿತ್ತು, ಕತ್ತೆತ್ತಿದಷ್ಟೂ ಎದ್ದಿತ್ತು. ಅದರ ಸುತ್ತ ಇನ್ನೂ ಮರದ ಅಟ್ಟಣೆ. ಅಟ್ಟಣೆಯ ತುದಿಯಲ್ಲಿ ಇರುವೆಗಳಂತೆ ಕೆಲಸಗಾರರು, ಕಲ್ಲನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದರು. ಇನ್ನೂ ಕಟ್ಟುತ್ತಿದ್ದಾರೆ! ಕೊನೆಯ ಕಲ್ಲು ಇನ್ನೂ ಕೂತಿಲ್ಲ!

"ಲೇ! ನೋಡೇ! ನೋಡೇ!" ಅವರು ಕಣ್ಣು ಕೀಳದೆ ಪಕ್ಕಕ್ಕೆ ಕೈಚಾಚಿ ಹೆಂಡತಿಯ ಮಣಿಕಟ್ಟು ಹಿಡಿದರು.

ಕತ್ತರಿ ನೆಲಕ್ಕೆ ಬಿತ್ತು. "ಅಯ್ಯೋ, ಬಿಡಿ ರೀ, ನೋಯ್ತಿದೆ!"

ಅಂದವಳು ತನ್ನ ಮಣಿಕಟ್ಟನ್ನು ನೋಡಿದಳು. ಕಂಟ್ರೋಲರು ಅವರ ಬಲಗೈಯಲ್ಲೇ ಇತ್ತು.

"ಬೇಡ," ಅಂದಳು. "ಬಿಡ್ಬೇಡಿ. ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳಿ."