ಭಾನುವಾರದ ಜೊತೆ
ಹದಿಮೂರರ ಪ್ರಾಯದಲ್ಲಿ ಉಡುಪಿಯ ಒಂದು ಹಾಕಿ ಹಾಸ್ಟೆಲಿಗೆ ನಾನು ಆಯ್ಕೆಯಾದೆ. ಕಲ್ಯಾಣಪುರದ ನಮ್ಮ ಮನೆಯಲ್ಲಿ ಅಮ್ಮ ಇಡೀ ಕೇರಿಗೆ ಸಿಹಿ ಹಂಚಿದರು. ನನ್ನ ಜೊತೆಗೇ ಕಾಪುವಿನ ಒಬ್ಬಳು ಆಯ್ಕೆಯಾಗಿದ್ದಳು. ಇಬ್ಬರೂ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ. ಮೊದಲ ದಿನವೇ ಮಂಚ ಅಕ್ಕಪಕ್ಕ ಎಳೆದುಕೊಂಡೆವು.

ಅವಳು ಬಂದ ವರ್ಷವೇ ಅರಳಿದಳು. ಚೆಂಡು ಅವಳ ಸ್ಟಿಕ್ಕಿಗೆ ಅಂಟಿಕೊಂಡಂತೆ ಓಡುತ್ತಿತ್ತು. ನಾನು ಕುಳ್ಳಿ, ನನ್ನ ಹೊಡೆತ ಗೋಲಿನವರೆಗೆ ಹೋಗುವಷ್ಟರಲ್ಲಿ ಗೋಲ್‌ಕೀಪರ್ ಒಂದು ಆಕಳಿಕೆ ತೆಗೆದು ಮುಗಿಸಬಹುದಿತ್ತು. ಅತ್ತಾಗಲೆಲ್ಲ ಕೋಚ್ ಹೇಳುತ್ತಿದ್ದ ಮಾತು ಒಂದೇ.

"ನಿನಗೆ ಎಂತ ಅವಸರ? ಕೆಲವರದ್ದು ಬೇಗ, ಕೆಲವರದ್ದು ನಿಧಾನ. ನಾನು ಕಾಯ್ತೇನೆ ಮಾರಾಯ್ತಿ."

ಆ ಮಾತನ್ನು ನಂಬಿ ಎರಡು ವರ್ಷ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೈದಾನಕ್ಕಿಳಿದೆ. ಭಾನುವಾರ ಮಾತ್ರ ಆಟವಿಲ್ಲ. ಹುಡುಗಿಯರು ಒಬ್ಬೊಬ್ಬರೇ ಗೇಟು ದಾಟಬಾರದೆಂಬ ನಿಯಮವಿತ್ತು, ಹಾಗಾಗಿ ನಾವಿಬ್ಬರೂ ಜೊತೆಯಾಗಿ ಇಗರ್ಜಿಗೆ ಹೋಗಿ ಪೂಜೆ ಮುಗಿಸಿ ಬರುತ್ತಿದ್ದೆವು. ಅವಳು ಗೆಲುವಿಗೆ ಪ್ರಾರ್ಥಿಸುತ್ತಿದ್ದಳು, ನಾನು ಎತ್ತರಕ್ಕೆ.

ಮೂರನೆಯ ವರ್ಷ ದೇವರಿಗೆ ಕಿವಿ ಕೇಳಿಸಿತು. ಬೇಸಿಗೆ ರಜೆಯಲ್ಲಿ ನಾನು ಉದ್ದವಾದೆ, ತೋಳಿಗೆ ಬಲ ಬಂತು. ಜೂನಿನ ಒಂದು ಬೆಳಿಗ್ಗೆ ಅವಳನ್ನು ದಾಟಿ ಚೆಂಡನ್ನು ಗೋಲಿನ ಹಲಗೆಗೆ ಬಡಿದೆ. ಆ ಸದ್ದು ಇಡೀ ಮೈದಾನಕ್ಕೆ ಕೇಳಿಸಿತು. "ಬಂತು ಅಲ್ವಾ?" ಎಂದರು ಕೋಚ್. ನನಗೆ ಅಂದು ಊಟ ಸೇರಲಿಲ್ಲ, ಅಷ್ಟು ಸಂತೋಷ.

ಅದೇ ತಿಂಗಳು ಪಡುಬಿದ್ರಿಯ ಒಬ್ಬ ಹುಡುಗಿ ಹೊಸದಾಗಿ ಸೇರಿದಳು. ಅವಳೂ ಕ್ರಿಶ್ಚಿಯನ್. ವಾರ ಕಳೆಯುವುದರೊಳಗೆ ನನಗೆ ಹಾಸ್ಟೆಲ್ ಬಿಡಲು ಹೇಳಿದರು. ಕೋಚ್ ಎದುರಿಗೆ ಬರಲೇ ಇಲ್ಲ. ನಾನು ಪೆಟ್ಟಿಗೆ ತುಂಬಿಸುತ್ತಿದ್ದಾಗ ವಾರ್ಡನ್ ಅಕ್ಕ ಪಾಪ ಅನಿಸಿಯೋ ಏನೋ ಬಾಯಿಬಿಟ್ಟರು.

"ಕಾಪುವಿನವಳ ಅಮ್ಮ ಹಟ ಹಿಡಿದಿದ್ದರು, ಇಗರ್ಜಿಗೆ ಜೊತೆ ಇಲ್ಲದಿದ್ದರೆ ಮಗಳನ್ನು ಕಳುಹಿಸುವುದಿಲ್ಲ ಅಂತ. ಅದಕ್ಕೆ ನಿನ್ನನ್ನು ತಗೊಂಡದ್ದು. ಈಗ ಬೇರೆ ಜೊತೆ ಉಂಟಲ್ಲ, ಸೀಟು ಇರುವುದು ಇಷ್ಟೇ. ನಿನಗೆ ಗೊತ್ತಿರಲಿಲ್ಲವಾ?"

ಗೆಳತಿ ಪಕ್ಕದ ಮಂಚದಲ್ಲಿ ಕುಳಿತು ಸ್ಟಿಕ್ಕಿಗೆ ಟೇಪು ಸುತ್ತುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿನಗೆ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು. ಹೇಳಿದರೆ ನೀನು ಇಲ್ಲಿ ಉಳೀತಿರಲಿಲ್ಲ ಅಲ್ವಾ?"

ಕೋಚ್ ಮೋಸ ಮಾಡಿದ್ದಕ್ಕೆ ಸಿಟ್ಟು ಬಂತು. ಅವಳು ಮುಚ್ಚಿಟ್ಟದ್ದರ ಉರಿ ಇಂದಿಗೂ ಆರಿಲ್ಲ. ಎರಡು ವರ್ಷ ನಾನು ಬೆಳೆಯುವುದನ್ನು ಯಾರೋ ಕಾಯುತ್ತಿದ್ದಾರೆಂದು ತಿಳಿದಿದ್ದೆ. ಅವರು ಕಾದದ್ದು ಇನ್ನೊಬ್ಬ ಕ್ರಿಶ್ಚಿಯನ್ ಹುಡುಗಿಯನ್ನು.

ಕಾಪುವಿನ ಗೆಳತಿ ದೊಡ್ಡ ತಂಡಗಳಿಗೆ ಆಡಿದಳು. ಈಗ ಮಣಿಪಾಲದಲ್ಲಿ ತನ್ನದೇ ಅಕಾಡೆಮಿ ನಡೆಸುತ್ತಾಳೆ. ನಾನು ಅದೇ ಊರಿನ ಒಂದು ಲ್ಯಾಬಿನಲ್ಲಿ ಕೆಲಸದಲ್ಲಿದ್ದೇನೆ. ದಾರಿಯಲ್ಲಿ ಸಿಕ್ಕರೆ ನಗುತ್ತೇವೆ. ಕಳೆದ ತಿಂಗಳು ನನ್ನ ಮಗಳು, ನಾನು ಬೇಡವೆಂದರೂ ಕೇಳದೆ, ಅವಳ ಅಕಾಡೆಮಿಯ ಆಯ್ಕೆಗೆ ಹೋಗಿ ಆಡಿ ಬಂದಳು. ಆಮೇಲೆ ದಿನವೂ ನನ್ನ ಫೋನಿನ ಮೇಲೇ ಮಗಳ ಕಣ್ಣು.

ಮೊನ್ನೆ ಗೆಳತಿಯ ಫೋನು ಬಂತು.

"ನಿನ್ನ ಮಗಳನ್ನು ನಮ್ಮ ಹಾಸ್ಟೆಲಿಗೆ ಸೇರಿಸು ಮಾರಾಯ್ತಿ. ಕಾರ್ಕಳದ ಒಬ್ಬಳು ಇದ್ದಾಳೆ, ಭಾರೀ ಚಂದ ಆಡ್ತಾಳೆ. ಒಬ್ಬಳನ್ನೇ ಕಳುಹಿಸಲಿಕ್ಕೆ ಮನೆಯವರು ಒಪ್ಪುದಿಲ್ಲ."

"ನನ್ನ ಮಗಳ ಆಟ ಹೇಗಿತ್ತು?"

"ಕೆಲವರದ್ದು ನಿಧಾನ ಅಲ್ವಾ? ನಾನು ಕಾಯ್ತೇನೆ."

ಅದೇ ಮಾತು, ಅದೇ ಮೆತ್ತನೆಯ ಧ್ವನಿ. ಆ ಮಾತು ಯಾರದೆಂಬ ನೆನಪಾದರೂ ಅವಳಿಗಿತ್ತೋ ಇಲ್ಲವೋ. ನಾನು ಫೋನಿಟ್ಟೆ.

ಅಂಗಳದಲ್ಲಿ ಗೋಡೆಗೆ ಚೆಂಡು ಬಡಿಯುತ್ತಿದ್ದ ಮಗಳು ಸ್ಟಿಕ್ ಹಿಡಿದೇ ಒಳಗೆ ಓಡಿ ಬಂದಳು.

"ನನ್ನನ್ನು ಆರಿಸಿದರಾ ಅಮ್ಮ?"

"ಇಲ್ಲ ಮಗಾ," ಎಂದೆ. "ನಿನ್ನನ್ನು ಆರಿಸಲಿಲ್ಲ."