ಬೀದಿ ದಾಟಿದ ವೈದ್ಯೆ

ಅಂತಿಯೋಕಿಯಾದ ಈ ಬೆಟ್ಟಸೀಮೆಯಲ್ಲಿ ಹೆರಿಗೆ ಮಾಡಿಸಿ ಹೆಸರಾದ ವೈದ್ಯರು ಹಲವರಿದ್ದಾರೆ. ಆದರೆ ಗುಳಿಗೆಯನ್ನೂ ಸಾಧನವನ್ನೂ ಬದಿಗಿಟ್ಟು, ಹೆಣ್ಣಿನ ದೇಹ ತಿಂಗಳು ತಿಂಗಳೂ ತಾನಾಗಿ ಕೊಡುವ ಸೂಚನೆಗಳನ್ನೇ ಓದಿ, ಮಗು ಬೇಕೆನ್ನುವವರಿಗೂ ಸದ್ಯಕ್ಕೆ ಬೇಡವೆನ್ನುವವರಿಗೂ ದಾರಿ ತೋರಿಸುವ ವಿದ್ಯೆಯನ್ನು ಒಂದು ಜೀವಮಾನದ ಕೆಲಸವಾಗಿ ಮಾಡಿಕೊಂಡವರು ಡಾ. ಹೆನೊವೇವಾ ಎಚೆವೆರಿ ಒಬ್ಬರೇ. ಸಾಂತಾ ರೀಟಾ ಹೆರಿಗೆಮನೆಯಿಂದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅಭಿನಂದನ ಸಮಿತಿಯವರು ಒಪ್ಪಿಗೆ ಕೇಳಲು ಹೋದಾಗ ಅವರು ಒಂದೇ ಷರತ್ತು ಹಾಕಿದರು: ತಮ್ಮ ಬಳಿ ವರ್ಷಗಟ್ಟಲೆ ಬಂದ ನೊಯೆಮಿಯ ವಿಷಯ ಬಿಡಬಾರದು, ಮೆತ್ತಗೆ ಮಾಡಿಯೂ ಬರೆಯಬಾರದು. ನೊಯೆಮಿ, ಅವಳ ಗಂಡ ಅರ್ಸೇಸಿಯೊ ಇಬ್ಬರೂ ಒಪ್ಪಿದ ಮೇಲೆ ಈ ಲೇಖನ ಬರೆಯಲಾಗಿದೆ.

ಹೇಸರಗತ್ತೆಗಳ ಮೇಲೆ ಕಾಫಿ ಸಾಗಿಸುತ್ತಿದ್ದವರ ಮನೆಯ ತುಂಬು ಸಂಸಾರದಲ್ಲಿ ಹುಟ್ಟಿದ ಹೆನೊವೇವಾ, ಮೆಡೆಯೀನ್ ನಗರದಲ್ಲಿ ವೈದ್ಯಶಾಸ್ತ್ರ ಓದಿದರು. ಗುಳಿಗೆಯನ್ನು ಒಪ್ಪದ ಚರ್ಚು ಈ ವಿದ್ಯೆಯನ್ನು ಒಪ್ಪುತ್ತದೆಂದು ಸಹಪಾಠಿಗಳು ಅದನ್ನು ‘ಪಾದ್ರಿಗಳ ಲೆಕ್ಕ’ ಎಂದು ಹಂಗಿಸುತ್ತಿದ್ದರಂತೆ. ಅವರು ವಾದಕ್ಕೆ ನಿಲ್ಲದೆ ಬೆಟ್ಟ ಹತ್ತಿ ಇಲ್ಲಿಗೆ ಬಂದರು. ಕಾಗದದ ಮೇಲೆ ಗುರುತು ಹಾಕಲು ಬಾರದ ಹೆಂಗಸರಿಗೆ ದಾರ, ಸೂಜಿ ಕೊಟ್ಟು, ದಿನಕ್ಕೊಂದು ನೆನೆಸಿದ ಕಾಳು ಪೋಣಿಸಲು ಕಲಿಸಿದರು. ಮುಟ್ಟಿನ ದಿನಕ್ಕೆ ಕೆಂಪು ಹುರುಳಿಕಾಯಿ ಬೀಜ, ಒಣ ದಿನಕ್ಕೆ ಹಸಿರು ಬಟಾಣಿ, ಒಳಮೈ ಒದ್ದೆಯಾಗಿ ಗರ್ಭ ನಿಲ್ಲಬಹುದಾದ ದಿನಕ್ಕೆ ಬಿಳಿ ಮೆಕ್ಕೆಜೋಳ. ಆ ದಾರವನ್ನು ಬೆಳಕಿಗೆ ಹಿಡಿದು, ಗರ್ಭ ಯಾಕೆ ಇಳಿದುಹೋಗುತ್ತಿದೆ, ಯಾವ ಗ್ರಂಥಿ ಸೋತಿದೆ ಎಂದು ಅವರು ಕಂಡುಹಿಡಿಯುತ್ತಿದ್ದರು. ನಂತರ ರಕ್ತಪರೀಕ್ಷೆಯೂ ಅದನ್ನೇ ಹೇಳುತ್ತಿತ್ತು. ಒಮ್ಮೆ ಒಬ್ಬ ಅತ್ತೆ ಸೊಸೆಯ ದಾರವನ್ನು ಬಿಚ್ಚಿ ಕಾಳನ್ನೆಲ್ಲ ಸಾರಿಗೆ ಹಾಕಿಬಿಟ್ಟಿದ್ದಳು. “ಅಮ್ಮಾ ತಾಯಿ, ಸೊಸೆಯ ಮಾರ್ಚ್ ತಿಂಗಳು ಪೂರ್ತಿ ತಿಂದ್ಬಿಟ್ರಲ್ಲ! ಉಪ್ಪು ಸರಿ ಇತ್ತಾ?” ಎಂದು ವೈದ್ಯೆ ಕೇಳಿದ್ದನ್ನು ಊರು ಇಂದಿಗೂ ಹೇಳಿಕೊಂಡು ನಗುತ್ತದೆ.

ಆ ಹೆರಿಗೆಮನೆಯ ಹೊಸ್ತಿಲನ್ನು ಗಂಡಂದಿರು ತುಳಿಯುತ್ತಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ನಡೆದುಕೊಂಡು ಬಂದಿದ್ದು ಹಾಗೆ. ಹೆಂಡತಿಯನ್ನು ಬಾಗಿಲಿನವರೆಗೆ ಬಿಟ್ಟು, ಗಂಡ ಎದುರು ಬೀದಿಯ ಬಿಲಿಯರ್ಡ್ಸ್ ಅಂಗಡಿಯಲ್ಲಿ ಕಪ್ಪು ಕಾಫಿ ಹಿಡಿದು ಕೂರುತ್ತಿದ್ದ. ಮಗು ಹುಟ್ಟಿದರೆ ಕನ್ಯಾಸ್ತ್ರೀಯೊಬ್ಬರು ಬಾಲ್ಕನಿಗೆ ಬಂದು ಬಿಳಿ ಬಟ್ಟೆ ಬೀಸುತ್ತಿದ್ದರು. ಅಂಗಡಿಗೆ ಅಂಗಡಿಯೇ ಕೂಗೆಬ್ಬಿಸುತ್ತಿತ್ತು. ಆ ಬೆಟ್ಟದಲ್ಲೇ ಬೆಳೆದ ವೈದ್ಯೆಗೂ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ನೊಯೆಮಿ ಅವರ ಬಳಿಗೆ ಬಂದಾಗ ಮದುವೆಯಾಗಿ ಆರು ವರ್ಷವಾಗಿತ್ತು. ಗಂಡ ಅರ್ಸೇಸಿಯೊ ಹೇಸರಗತ್ತೆಗಳ ಬೆನ್ನಿಗೆ ಜೀನು ಹೊಲಿಯುವವನು. ಹೆಂಡತಿಯ ಮೇಲೆ ಜೀವ ಇಟ್ಟುಕೊಂಡವನು. ಊರೆಲ್ಲ ಗೌರವದಿಂದ ದೋನ್ಯಾ ಎನ್ನುತ್ತಿದ್ದ ಅತ್ತೆ ಬೆತ್ಸಾಬೆಗೆ ಮಾತ್ರ ನಾಲಿಗೆಗೆ ಬಿಡುವಿರಲಿಲ್ಲ. ನಮ್ಮಲ್ಲಿ ಬಾಣಂತಿಗೆ ನಲವತ್ತು ದಿನವೂ ದಿನಕ್ಕೊಂದು ಹೇಂಟೆಯ ಸಾರು ಆಗಬೇಕು. ಅದಕ್ಕೆಂದು ನೊಯೆಮಿ ಮದುವೆಯಾದ ವರ್ಷದಿಂದಲೇ ಹೇಂಟೆಗಳನ್ನು ಸಾಕಿದ್ದಳು. “ಮೊಟ್ಟೆ ಇಡೋ ಹೇಂಟೆಗಳನ್ನ ನೋಡಿನಾದ್ರೂ ಕಲೀಬಾರದೇನೇ?” ಎಂದು ಅತ್ತೆ ಅಂಗಳದಲ್ಲಿ ನಿಂತು, ಬೀದಿಗೆ ಕೇಳುವಂತೆ ಹೇಳುತ್ತಿದ್ದಳು. ವರ್ಷ ಕಳೆದಂತೆ ನೊಯೆಮಿ ಆ ಕೋಳಿಗಳನ್ನು ಬೇರೆ ಬಾಣಂತಿಯರ ಮನೆಗೆ ಕಳಿಸಿ, ಮತ್ತೆ ಮರಿ ಮಾಡಿಸುತ್ತಿದ್ದಳು.

ಅವಳ ದಾರದಲ್ಲಿ ಹುಡುಕಿದರೂ ಕೊರತೆ ಇರಲಿಲ್ಲ. ಕೆಂಪು, ಹಸಿರು, ಬಿಳಿ, ಎಲ್ಲ ಅದರದರ ಜಾಗದಲ್ಲಿ. “ದಾರ ಚೆನ್ನಾಗಿದೆ ಮಗಳೇ, ಇನ್ನು ಸ್ವಲ್ಪ ಕಾಯೋಣ” ಎಂದು ವೈದ್ಯೆ ಬೆನ್ನು ಸವರಿ ಕಳಿಸುತ್ತಿದ್ದರು. ಬೇಸಾಯದ ಕೆಲಸ ಕಡಿಮೆ ಮಾಡಿಸಿದರು, ಔಷಧ ಕೊಟ್ಟರು, ಅವಳಿಗಾಗಿ ಚರ್ಚಿನಲ್ಲಿ ಪೂಜೆ ಮಾಡಿಸಿದರು, ಒಮ್ಮೆ ಅವಳ ಮನೆಗೇ ಹೋಗಿ ಅತ್ತೆಯ ಜೊತೆ ಕೂತು ಅರೇಪಾ ರೊಟ್ಟಿ ತಿಂದು ಬುದ್ಧಿ ಹೇಳಿದರು. ಗಂಡಸಿನ ವೀರ್ಯದ ಪರೀಕ್ಷೆಯೊಂದನ್ನು ಮಾತ್ರ ಕೇಳಲಿಲ್ಲ. ಧರ್ಮಕ್ಕೆ ವಿರುದ್ಧವಾಗದಂತೆ ಅದನ್ನು ನಡೆಸುವ ಕ್ರಮವನ್ನು ಅವರು ಮೆಡೆಯೀನಿನಲ್ಲೇ ಕಲಿತಿದ್ದರು. ಗೊತ್ತಿದ್ದೂ ಕೇಳಲಿಲ್ಲ. ಅಂಥ ಮಾತೆತ್ತಿದರೆ ಗಂಡಸರು ಹೆಂಡತಿಯರನ್ನು ಕಳಿಸುವುದನ್ನೇ ನಿಲ್ಲಿಸಿಯಾರು ಎಂಬ ಅಂಜಿಕೆ ಅವರಿಗಿತ್ತು. ಹೀಗೆ ಹನ್ನೊಂದು ವರ್ಷ ಕಳೆಯಿತು. ಅಷ್ಟರಲ್ಲಿ ದೋನ್ಯಾ ಬೆತ್ಸಾಬೆ ತೀರಿಕೊಂಡಳು. ಪಾದ್ರಿ ಕೊನೆಯ ಪ್ರಾರ್ಥನೆ ಓದುವಾಗಲೂ ಅವಳು ಕೇಳಿದ್ದು, ಈ ಬಂಜೆಯನ್ನು ಕಟ್ಟಿಕೊಂಡ ನನ್ನ ಮಗನ ಗತಿಯೇನು ಎಂದು.

ಮರುವರ್ಷ, ಹಳ್ಳಿಸೇವೆಗೆಂದು ಬಂದ ಎಲಿಯೇಸರ್ ಎಂಬ ಹೊಸ ವೈದ್ಯರು ಗೋಡೆಯ ಮೊಳೆಗೆ ನೇತುಹಾಕಿದ್ದ ನೊಯೆಮಿಯ ದಾರಗಳನ್ನು ಬಹಳ ಹೊತ್ತು ನೋಡಿ, “ಇವರ ಗಂಡ ಎಲ್ಲಿ, ಡಾಕ್ಟ್ರೇ?” ಎಂದರು.

“ಎದುರುಗಡೆ. ಬಿಲಿಯರ್ಡ್ಸ್ ಅಂಗಡೀಲಿ.”

“ಅಲ್ಲ, ಅವರ ಪರೀಕ್ಷೆ ಎಲ್ಲಿ ಅಂತ.”

ಹೆನೊವೇವಾ ಎದ್ದರು. ಬಿಳಿ ಕೋಟಿನಲ್ಲೇ ಮೆಟ್ಟಿಲಿಳಿದು ಬೀದಿ ದಾಟಿದರು. ಆ ಅಂಗಡಿಯೊಳಗೆ ಹೆಂಗಸು ಕಾಲಿಟ್ಟದ್ದು ಅದೇ ಮೊದಲು. ಆಟ ನಿಂತಿತು.

“ಯಾರಿಗೆ ಅವಳಿಜವಳಿ, ಡಾಕ್ಟ್ರಮ್ಮ? ಬಟ್ಟೆ ಬೀಸೋದು ಬಿಟ್ಟು ನೀವೇ ಬಂದ್ಬಿಟ್ರಿ!” ಎಂದು ಮೂಲೆಯಿಂದ ಯಾರೋ ಕೂಗಿದರು.

“ಅರ್ಸೇಸಿಯೊ, ಬಾಪ್ಪ ಈಚೆಗೆ. ನಿನ್ನನ್ನೂ ಒಂದ್ಸಲ ಪರೀಕ್ಷೆ ಮಾಡ್ಬೇಕು.”

“ನನ್ನನ್ನಾ?” ಅರ್ಸೇಸಿಯೊ ಸುತ್ತ ನೋಡಿ ಎದೆ ಸೆಟೆಸಿದ. “ನನಗೇನಾಗಿದೆ ಡಾಕ್ಟ್ರಮ್ಮ? ಹೇಸರಗತ್ತೆ ಇದ್ದಂಗಿದೀನಿ!”

“ಹೇಸರಗತ್ತೆಗೂ ಮರಿ ಆಗಲ್ಲ ಕಣೋ.”

ಅಂಗಡಿ ಬಿದ್ದು ಬಿದ್ದು ನಕ್ಕಿತು. ಅರ್ಸೇಸಿಯೊ ಒಬ್ಬನೇ ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ಟೋಪಿ ಕೈಲಿ ಹಿಡಿದು, ಅವರ ಹಿಂದೆ ಹೆರಿಗೆಮನೆಯ ಹೊಸ್ತಿಲು ದಾಟಿದ. ನಾಲ್ಕು ಜನರ ಮುಂದೆ ಆಡಿದ ಆ ಮಾತಿಗಾಗಿ ವೈದ್ಯೆ ಅವನಲ್ಲಿ ಅಂದೇ ಕ್ಷಮೆ ಕೇಳಿದರು. “ಇರ್ಲಿ ಬಿಡಿ. ನೀವು ಹಂಗಿಸದಿದ್ರೆ ನಾನು ಏಳ್ತಿರ್ಲಿಲ್ಲ” ಎಂದನಂತೆ.

ದೋಷ ಅವನದೇ ಆಗಿತ್ತು, ದೊಡ್ಡದೂ ಆಗಿರಲಿಲ್ಲ. ಊದಿಕೊಂಡ ಒಂದು ನರ, ಮೆಡೆಯೀನಿನಲ್ಲಿ ಒಂದು ಚಿಕ್ಕ ಶಸ್ತ್ರಚಿಕಿತ್ಸೆ. ವರ್ಷ ತುಂಬುವುದರೊಳಗೆ ಅವನು ಪೂರ್ತಿ ಸರಿಹೋದ. ಆದರೆ ಅಷ್ಟರಲ್ಲಿ ನೊಯೆಮಿಯ ದಾರದಲ್ಲಿ ಬಿಳಿ ಕಾಳು ವಿರಳವಾಗುತ್ತ ಬಂದಿತ್ತು. ಒಂದು ದಿನ ಅವಳು ಕೆಂಪೂ ಬಿಳಿಯೂ ಇಲ್ಲದೆ ಬರಿಯ ಬಟಾಣಿಯಷ್ಟೇ ಪೋಣಿಸಿದ್ದ ದಾರವನ್ನು ತಂದು ಮೇಜಿನ ಮೇಲಿಟ್ಟಳು. ಮುಟ್ಟು ನಿಂತಿತ್ತು ಎಂದು ಇಬ್ಬರಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

“ಮಗೂಗೋಸ್ಕರ ಅಳೋದೆಲ್ಲ ಅತ್ತು ಮುಗ್ಸಿದೀನಿ, ಡಾಕ್ಟ್ರಮ್ಮ” ಎಂದಳು ನೊಯೆಮಿ. “ನಮ್ಮತ್ತೆ ಇದ್ದಾಗ್ಲೇ ಗೊತ್ತಾಗಿದ್ರೆ ಸಾಕಿತ್ತು. ಅಷ್ಟೇ.”

ಆ ನವೆಂಬರಿನಲ್ಲಿ, ತೀರಿಹೋದವರ ಹಬ್ಬದಂದು ಊರೆಲ್ಲ ಹೂವು, ಮೇಣದಬತ್ತಿ ಹಿಡಿದು ಸ್ಮಶಾನದಲ್ಲಿ ನೆರೆದಿದ್ದಾಗ, ಹೆನೊವೇವಾ ಅರ್ಸೇಸಿಯೊನ ಒಪ್ಪಿಗೆ ಪಡೆದು ದೋನ್ಯಾ ಬೆತ್ಸಾಬೆಯ ಸಮಾಧಿಯ ಮುಂದೆ ಹೋಗಿ ನಿಂತರು. “ದೋನ್ಯಾ ಬೆತ್ಸಾಬೆ, ನಾನು ಡಾಕ್ಟ್ರು ಹೆನೊವೇವಾ ಬಂದಿದೀನಿ” ಎಂದು ಶುರುಮಾಡಿದರು.

ನೊಯೆಮಿ ಅವರ ತೋಳು ಮುಟ್ಟಿದಳು. “ಸ್ವಲ್ಪ ಜೋರಾಗಿ ಹೇಳಿ. ನಮ್ಮತ್ತೆಗೆ ಎಡಗಿವಿ ಕೇಳಿಸ್ತಿರ್ಲಿಲ್ಲ.”

ಹತ್ತಿರದ ಸಮಾಧಿಗಳ ಬಳಿ ಇದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ವೈದ್ಯೆ ಹೇಳಿದರು: “ನಿಮ್ಮ ಸೊಸೇಲಿ ಯಾವ ದೋಷಾನೂ ಇರ್ಲಿಲ್ಲ. ಆ ಮಾತನ್ನ ನಿಮ್ಮ ಮನೇಲಿ ಕೂತು ಹೇಳ್ಬೇಕಾಗಿತ್ತು. ನಾನು ಹೇಳ್ಲಿಲ್ಲ, ಯಾಕಂದ್ರೆ ನಾನು ಕೇಳ್ಬೇಕಾದ್ದನ್ನ ಕೇಳಿರ್ಲಿಲ್ಲ.” ಅರ್ಸೇಸಿಯೊ ಟೋಪಿ ತೆಗೆದು ತಲೆ ತಗ್ಗಿಸಿ ನಿಂತಿದ್ದ. ನೊಯೆಮಿ ಹೂವಿಟ್ಟು, ಕಲ್ಲಿನ ಮೇಲಿನ ದೂಳನ್ನು ಶಾಲಿನ ಅಂಚಿನಿಂದ ಒರೆಸಿದಳು.

ಮಾರನೆಯ ದಿನವೇ ವೈದ್ಯೆ ತಮ್ಮ ಕೋಣೆಯಲ್ಲಿ ಇಬ್ಬರು ಕೂರುವ ಬೆಂಚು ಹಾಕಿಸಿದರು. ಅದರ ಮೇಲೆ ಗಂಡ ಬಂದು ಕೂರುವವರೆಗೆ ಹೆಂಡತಿಯ ಕೈಗೆ ದಾರ ಕೊಡಲಾರೆ ಎಂದು ಸಾರಿದರು. ಕೆಲವು ಗಂಡಸರು ರೇಗಿದರು, ಕೆಲವರು ಹೆಂಡತಿಯರನ್ನು ಎಳೆದುಕೊಂಡು ಹೋದರು. ವೈದ್ಯೆ ಅಂಜಿದ್ದೆಲ್ಲ ನಡೆಯಿತು. ಎರಡು ವರ್ಷದಲ್ಲಿ ಎಲ್ಲ ಹಿಂತಿರುಗಿಯೂ ಬಂದರು. ಮೊದಲೇ ಕೇಳಿದ್ದರೂ ಇಷ್ಟೇ ಆಗುತ್ತಿತ್ತು ಎಂಬುದು ಅವರನ್ನು ಇಂದಿಗೂ ಬಿಟ್ಟಿಲ್ಲ. ಆ ಬೆಂಚಿನಿಂದ ಎಷ್ಟೋ ಮನೆಗಳಿಗೆ ಮಕ್ಕಳು ಬಂದಿದ್ದಾರೆ. ಅದನ್ನು ಹೇಳಿ ಹೊಗಳಿದರೆ, “ನೊಯೆಮಿ ಮನೆಗೆ ಬರ್ಲಿಲ್ಲವಲ್ಲ” ಎನ್ನುತ್ತಾರೆ.

ಡಾ. ಎಲಿಯೇಸರ್ ಹಳ್ಳಿಸೇವೆ ಮುಗಿದ ಮೇಲೂ ಇಲ್ಲೇ ಉಳಿದರು, ಇಲ್ಲೇ ಮದುವೆಯಾದರು. ಮೂರು ವರ್ಷ ಮಕ್ಕಳಾಗದೆ ತಾವೂ ಹೆಂಡತಿಯೊಡನೆ ಆ ಬೆಂಚಿನ ಮೇಲೆ ಕೂತರು. ಹೆರಿಗೆಮನೆಯನ್ನು ವಹಿಸಿಕೊಳ್ಳಬೇಕಾಗಿದ್ದವರು ಅವರು; ಈ ಲೇಖನವನ್ನು ಬರೆಯಬೇಕಾಗಿದ್ದವರೂ ಅವರೇ. ಹೆಂಡತಿಗೆ ಏಳು ತಿಂಗಳು ತುಂಬಿದ್ದಾಗ ಅವರ ಜೀಪು ಕಣಿವೆಗೆ ಉರುಳಿತು, ಅವರು ಉಳಿಯಲಿಲ್ಲ. ಮಗಳು ಹುಟ್ಟಿದ ಬೆಳಿಗ್ಗೆ ಎದುರಿನ ಅಂಗಡಿಯಲ್ಲಿ ಕಾದು ಕೂರಲು ಅವರಿರಲಿಲ್ಲ. ಬಟ್ಟೆ ಬೀಸುವುದು ಬೇಡವೇನೋ ಎಂದು ಕನ್ಯಾಸ್ತ್ರೀ ಹಿಂಜರಿದರು. ಹೆನೊವೇವಾ ಬಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು, ತಾವೇ ಬಾಲ್ಕನಿಗೆ ಹೋಗಿ ಬೀಸಿದರು. ಅಂಗಡಿಯೊಳಗಿದ್ದ ಗಂಡಸರೆಲ್ಲ ಬೀದಿಗೆ ಬಂದು, ಕೂಗದೆ, ಟೋಪಿ ತೆಗೆದು ನಿಂತರು. ಒಳಗೆ ಮಲಗಿದ್ದವಳಿಗೆ ಇದನ್ನು ಆಮೇಲೆ ಹೇಳಿದವಳು ನೊಯೆಮಿ. ಆ ನಲವತ್ತು ದಿನವೂ ಹೇಂಟೆಗಳು ಬಂದದ್ದು ಅವಳ ಅಂಗಳದಿಂದ.

ಹೆರಿಗೆಮನೆಗೆ ಬೇರೆ ವೈದ್ಯರು ಇನ್ನೂ ಸಿಕ್ಕಿಲ್ಲ. ಗರ್ಭಿಣಿಯರು ಇನ್ನು ಕೆಲಕಾಲ ಬೆಟ್ಟ ಇಳಿದು ನಗರಕ್ಕೆ ಹೋಗಬೇಕಾದೀತು. ಸನ್ಮಾನದ ದಿನ ಹಾರ, ಫಲಕ ಬೇಡವೆಂದಿರುವ ಹೆನೊವೇವಾ, ಬಿಲಿಯರ್ಡ್ಸ್ ಅಂಗಡಿಯ ಮೂಲೆ ಮೇಜನ್ನು ಮಾತ್ರ ಇನ್ನು ಮುಂದೆ ಪ್ರತಿ ಶನಿವಾರ, ಗಂಡಂದಿರ ಜೊತೆ ಮಾತಾಡಲು, ತಮಗೆ ಬಿಟ್ಟುಕೊಡಬೇಕೆಂದು ಅಂಗಡಿಯವನನ್ನು ಕೇಳಿದ್ದಾರೆ. ಅವನು ಒಪ್ಪಿದ್ದಾನೆ. ಎದುರಿನ ಕುರ್ಚಿಯಲ್ಲಿ ಅರ್ಸೇಸಿಯೊ ಕೂರುತ್ತಾನಂತೆ, ಹೊಸದಾಗಿ ಮದುವೆಯಾದವರಿಗೆ ತನ್ನ ಕಥೆಯನ್ನು ತಾನೇ ಹೇಳಲು. ದೇವರು ಈ ವೈದ್ಯೆಗೆ ದೀರ್ಘಾಯುಷ್ಯ ಕೊಡಲಿ, ಕಣ್ಣಿಗೆ ಕಾಳಿನ ಬಣ್ಣ ಕಾಣುವಷ್ಟು ಬೆಳಕನ್ನೂ ಬೀದಿ ದಾಟುವಷ್ಟು ಕಾಲಬಲವನ್ನೂ ಕೊನೆಯವರೆಗೆ ಉಳಿಸಲಿ. ಬೀದಿ ಅಗಲವೇನಿಲ್ಲ, ಆಗಲೂ ಅಗಲವಿರಲಿಲ್ಲ.